ಗೊಳಸಂಗಿ ಹುಡುಗಿ ನೋಡಿದ ಸಿನಿಮಾ

ಹಲೋ… ಹಲೋ, ಯಾರು ಮಾತಾಡೂದು? ಹೊನ್ನವ್ವ ವೈನಿ ಏನ್ರಿ?… ಯಾರು, ಪಲ್ಲವಿ? ನಾನವ್ವ, ನಿಮ್ಮ ಗುಂಡವ್ವತ್ತಿ, ದೇವರ ಹಿಪ್ಪರಗಿಯಿಂದ. ನಿಮ್ಮವ್ವಗ ಕೊಡು ಫೋನು.

…ಗಿರಣಿಗೆ ಹೋಗ್ಯಾಳ? ಹಂಗಾದ್ರ ಬರಲಿ, ಆಮ್ಯಾಲ ಹಚ್ತೇನಿ… ಇಲ್ಲಿಲ್ಲ, ನಿನ್ನ ಮುಂದ ಹೇಳೂವಂಥಾದ್ದಲ್ಲ… ಏನೂ ಆಗಿಲ್ಲವ್ವ, ಹಂಗಽ ಒಂದೀಟು ಖರ್ಚಿನ ಮಾತು.

…ಯಾವ ಖರ್ಚಂದ್ರ? ಆ ಹಿಂದಿ ಸಿನಿಮಾದ್ದು. ಹೋದ ಐತವಾರ ಗೊಳಸಂಗಿಯಿಂದ ವಿಜಯಪುರಕ್ಕ ಹೋಗಿದ್ರೆಲ್ಲ, ನೀನು, ನಿನ್ನ ಮದುವಿ ಆಗೂ ಹುಡುಗ ಸಂಜೀವಕುಮಾರ, ಅವನ ತಂಗಿ ವಿಜಯಲಕ್ಷ್ಮಿ. ಟಿಕೇಟು ಒಬ್ಬರಿಗೆ ಇನ್ನೂರು, ಕಾರಿನ ಎಣ್ಣಿ ಸಾವಿರ, ಹೊಟೇಲದಾಗ ಉಂಡದ್ದು ಎಂಟುನೂರು. ಎಲ್ಲಾ ಕೂಡಿ ಎರಡು ಸಾವಿರದ ನಾನೂರು ಆತಂತ ಸಂಜೀವನ ಅವ್ವ ನನ್ನ ಮುಂದ ಬಟ್ಟು ಮಡಚಿ ಹೇಳಿದ್ಲು. ನಿಶ್ಚಯಕ್ಕ ಆದ ಖರ್ಚು ಆಕಿ ಹಿಡೀಲಿಲ್ಲ, ಅದು ನಮ್ಮದಾಗಿತ್ತು.

…ಹೌದವ್ವ, ನಿನ್ನೆ ಸಿಂದಗಿಗೆ, ಸಂಜೀವನ ಮನಿಗೆ ಹೋಗಿದ್ದೆ. ಅವರಽ ಕರಸಿದ್ರು… ಯಾಕಂದ್ರ? ನಿಮ್ಮವ್ವ ಬರಲಿ ಅಂದ್ನೆಲ್ಲ… ಬಿಡಂಗಿಲ್ಲ ನೀ. ಹಠಾ ಥೇಟ್ ನಮ್ಮಣ್ಣಂದು. ನಿಂತೀಯೋ ಕುಂತೀಯೋ?… ಕುಂದರು ಮೊದಲ.

…ಪಲ್ಲವಿ, ಸಿನಿಮಾ ಬಿಟ್ಟ ಮ್ಯಾಲ ವಿಜಯಲಕ್ಷ್ಮಿ ಮುಂದ ಏನ್ ಹೇಳಿದಿ?… ಗೊತ್ತೈತಿ, ನಿನ್ನ ಬಾಯಿಲೆ ಕೇಳಬೇಕಂತ… ಹಾಂ… ಹಾಂ… ಬಿ.ಎಡ್. ಓದುವಾಗ ಎಂಟು ತಿಂಗಳ ನಿದ್ದಿ ಇದ್ದಿಲ್ಲ, ಮನಸ್ಸಿನ ಡಾಕ್ಟರ ಕಡೆ ಹೋದೆ, ಗುಳಿಗಿ ತಗೊಂಡೆ, ಈಗ ಪೂರಾ ಆರಾಮ ಅದೀನಿ. ಇಷ್ಟಽ ಹೇಳಿದ್ಯಾ?… ಇಷ್ಟಽ ಸಾಕಾತವ್ವ.

…ಯಾಕ ಹೇಳಿದಿ? ಯಾರ ಕೇಳಿದ್ರು ನಿನ್ನ?… ಸಿನಿಮಾದಾಗ ಆ ಹುಡುಗಿ ಹೇಳಿದ್ಲಂತ? ಏನ್ ಹೇಳಿದ್ಲು?… ಹೂಂ… ಹಾಸಿಗಿ ಬಿಟ್ಟು ಏಳಲಾರದಾಕಿ ಎದ್ದು ಬಂದ್ಲು, ಊಟಕ್ಕ ಕುಂತ ಬಳಗದ ಮುಂದ ತನ್ನ ಜಡ್ಡು ಬಿಚ್ಚಿ ಹೇಳಿದ್ಲು, ಎಲ್ಲಾರೂ ಎಂಜಲಗೈಲೆ ಬಂದು ಅಪ್ಕೊಂಡ್ರು. ಬದುಕನ್ನ ಅಪ್ಕೊಳ್ಳಾಕ ಕಲಿ ಅಂತ ಅದರಾಗಿನ ಡಾಕ್ಟರ ಹೇಳಿದ. ಚಲೋ ಆತು. ಅವರಿಗೆ ಅಪ್ಕೊಳ್ಳಾಕ ಪಗಾರ ಕೊಟ್ಟಿರ್ತಾರ ತಂಗಿ. ನಮ್ಮ ಬೀಗರಿಗೆ ಯಾರ ಕೊಟ್ಟಾರ?

…ವಿಜಯಲಕ್ಷ್ಮೀನೂ ಅಪ್ಕೊಂಡ್ಲಾ? ಅತ್ಲಾ?… ಅಳಕೋಂತಽ ಮನಿಗೆ ಹೋಗಿ, ಕಾಲ ತೊಳಕೊಳ್ಳೂದಕ್ಕಿಂತ ಮೊದಲ ಅವ್ವನ ಮುಂದ ಊದ್ಯಾಳ.

…ಲಗ್ನ ಬ್ಯಾಡ ಅಂದ್ರವ್ವ… ಹೌದು. ನೀ ಬ್ಯಾಡ ಅಂದ್ರು.

…ನಾ ಏನ್ ಸುಮ್ನ ಕುಂತಿದ್ದೆ ಅಂದ್ಕೊಂಡಿ? ಹುಡುಗಿ ಸಾಲಿಯೊಳಗ ಕಲಸ್ತಾಳ್ರಿ, ನಲವತ್ತು ಹುಡುಗರನ್ನ ಒಬ್ಬಾಕಿನಽ ಸಂಭಾಳಸ್ತಾಳ, ಒಂದಿನಾ ದನಿ ಏರಸಿಲ್ಲ ಅಂದೆ. ಅದಕ್ಕ ಸಂಜೀವನ ಅವ್ವ ಏನಂದ್ಲು ಗೊತ್ತೇನು? ಹಂಗಾದ್ರ ಆ ಹುಡುಗರ ಅವ್ವಂದಿರಿಗೂ ಒಂದ್ ಮಾತು ತಿಳಿಸಬೇಕಲ್ಲರಿ, ಅಂದ್ಲು. ನಕ್ಕೋಂತ ಅಂದ್ಲು. ಅಲ್ಲಿಗೆ ನಾ ಬಾಯಿ ಮುಚ್ಚಿದೆ. ಇದ್ದ ನೌಕರಿನೂ ಹೋದೀತು.

…ಏನಂದಿ? ಸಂಜೀವಗ ಮೊದಲಽ ಹೇಳಿದ್ದಿ? ಯಾವಾಗ?… ನಿಶ್ಚಯಕ್ಕಿಂತ ಮೊದಲ? ಖರೇನಾ?… ಏನಂದ ಅವ?… ನಂದೇನೂ ಅಡ್ಡಿಲ್ಲ ಅಂದ? ಮನ್ಯಾಗ ನಾ ಹೇಳ್ತೇನಿ ಅಂದ?… ತಂಗಿ, ನಿನ್ನೆ ಅವ ಅಲ್ಲೇ ಕುಂತಿದ್ದ. ನಿನಗ ಗೊತ್ತಿತ್ತೇನಪಾ ಅಂತ ಅವ್ವ ಕೇಳಿದ್ಲು. ಚಾದ ಕಪ್ಪು ನೋಡಕೋಂತ ಇಲ್ಲ ಅಂದ.

…ನಂಬ್ತೇನವ್ವ. ನೀ ಹೇಳೂದಽ ಖರೆ ಇರ್ತೈತಿ. ನಾ ನಂಬಿದ್ರ ಏನ್ ಬಂತು? ಆ ಮನ್ಯಾಗ ನನ್ನ ಮಾತಿಗೆ ಒಂದ್ ಕಪ್ ಚಾದ ಕಿಮ್ಮತ್ತು ಐತಿ, ಅಷ್ಟಽ.

…ಅಳಬ್ಯಾಡ. ನನಗೂ ಆಗಿತ್ತು ಹಂಗ. ಹೊಟ್ಟಿಯೊಳಗಿನ ಕೂಸು ಹೋದಾಗ ಒಂದ್ ವರ್ಷ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಬಾವಿ ಕಂಡ್ರ ಜಿಗೀಲೇನು ಅಂತ ಹೊಳ್ಳಿ ನಿಂದರ್ತಿದ್ದೆ. ಹೊಳ್ಳಿ ನಿಂತದ್ದು ಯಾರಿಗೂ ಹೇಳಲಿಲ್ಲ, ನಿಮ್ಮ ಮಾಮಾಗ ಇವತ್ತಿಗೂ ಗೊತ್ತಿಲ್ಲ. ರೊಟ್ಟಿ ಬಡದೆ, ಕಸಾ ತಗದೆ, ಬದುಕಿದೆ. ನೀ ಯಾಕ ಹೇಳಾಕ ಹೋದಿ?

…ಹಾಂ, ಕೇಳು ಈಗ. ಪೂರಾ ಹೋಗಿಲ್ಲ. ಲಗ್ನದ ತಾರೀಖು ಹಂಗಽ ಐತಿ, ಬಸವನ ಬಾಗೇವಾಡಿ ಮಂಟಪ ಹಂಗಽ ಐತಿ. ಅವರು ಒಪ್ಯಾರ… ನಿನಗಲ್ಲ… ದಾನೇಶ್ವರಿಗೆ.

…ಹೂಂ, ನಿನ್ನ ತಂಗಿಗೇನಽ. ಬ್ಯಾರೆ ಯಾವ ದಾನೇಶ್ವರಿ ಐತಿ ನಿಮ್ಮ ಮನ್ಯಾಗ?… ಯಾರು ಮೊದಲ ಎತ್ತಿದ್ರು ಅಂದ್ರ?… ನಾನಽ ಎತ್ತಿದೆ. ಯಾಕ ಎತ್ತಬಾರದು? ನಿಶ್ಚಯ ಮುರದ ಮನಿಗೆ ಯಾರ ಬರ್ತಾರ? ನಿನ್ನ ಸಂಗಟ ಆಕಿನೂ ಕುಂದರತಿದ್ಲು. ಇಬ್ಬರೂ ಕುಂದರೂದಕ್ಕಿಂತ ಒಬ್ಬಾಕಿರೆ ಹೊಸ್ತಿಲ ದಾಟಲಿ.

…ಇಂಥವಗ ತಂಗಿನ್ನ ಕೊಡ್ತೀರೇನು ಅಂತಿ? ಅವ್ವನ ಮುಂದ ಖರೆ ಹೇಳಲಾರದ ಗಂಡಸರನ್ನ ಬಿಟ್ಟು ವರ ಹುಡುಕಿದ್ರ ಇಂಡಿ, ಸಿಂದಗಿ, ಮುದ್ದೇಬಿಹಾಳ ಮೂರೂ ತಾಲೂಕಿನಾಗ ಒಂದೂ ಲಗ್ನ ಆಗಂಗಿಲ್ಲ. ಅದೊಂದು ಬಿಟ್ರ ಹುಡುಗ ಚಲೋ. ಕುಡಿಯಂಗಿಲ್ಲ, ಇಸ್ಪೀಟು ಆಡಂಗಿಲ್ಲ.

…ಅದನ್ನೂ ಕೇಳಿದ್ರು. ಅಕ್ಕಗ ಬಂದದ್ದು ತಂಗಿಗೆ ಬರಂಗಿಲ್ಲಂತ ಏನ್ ಖಾತ್ರಿ, ಮನೆತನದ ರಗತದಾಗಽ ಐತೇನೋ ಅಂದ್ರು… ಅದಕ್ಕ ನಾ ಒಂದ್ ಮಾತು ಹೇಳಬೇಕಾತು… ಹೇಳ್ತೇನಿ, ಸಿಟ್ಟಾಗಬ್ಯಾಡ… ರಗತದಾಗ ಏನಿಲ್ರಿ, ಹಾಸ್ಟೆಲಿನಾಗ ಇದ್ದಾಗ ಒಬ್ಬ ಹುಡುಗ ಕೈ ಕೊಟ್ಟು ಹೋದ, ಅದಕ್ಕ ತಲಿ ಕೆಡಿಸ್ಕೊಂಡಿದ್ಲು ಅಂದೆ.

…ಗೊತ್ತೈತಿ. ಯಾವ ಹುಡುಗನೂ ಇದ್ದಿಲ್ಲ… ಹೌದು, ಗೊತ್ತಿದ್ದಽ ಹೇಳೀನಿ. ಜಡ್ಡಂದ್ರ ಇಬ್ಬರಿಗೂ ಹತ್ತತೈತಿ. ಹುಡುಗ ಅಂದ್ರ ನಿನಗೊಬ್ಬಾಕಿಗೆ ಹತ್ತತೈತಿ.

…ಪಲ್ಲವಿ?… ಯಾಕ ನಗಾಕತ್ತಿ?… ಹಂಗ ನಗಬ್ಯಾಡವ್ವ, ಓಣ್ಯಾಗ ಯಾರರೆ ಕೇಳ್ಯಾರು. ಇನ್ನ ನೀ ನಕ್ರೂ ಅದನ್ನಽ ಅಂತಾರ, ಅತ್ರೂ ಅದನ್ನಽ ಅಂತಾರ. ಹಿತಾ ಮಾಡಾಕ ಹೇಳ್ತೇನಿ, ನಾ ನಿನ್ನ ವೈರಿ ಅಲ್ಲ.

…ಇನ್ನೊಂದು ಐತಿ. ಲಗ್ನದ ದಿನ ನೀ ಮಂಟಪಕ್ಕ ಬರಬಾರದಂತ. ಅಗರಖೇಡದಾಗ ನಿಮ್ಮ ಸೋದರಮಾವನ ಮನಿಗೆ ಹೋಗಿರು. ಯಾರರೆ ಕೇಳಿದ್ರ ಪರೀಕ್ಷಾ ಡ್ಯೂಟಿ ಬಂತು ಅನ್ನೂಣು… ತಂಗಿಗೆ ಅರಿಷಿಣ ಹಚ್ಚಬೇಕನಿಸಿದ್ರ ಹಿಂದಿನ ದಿನ ಮನ್ಯಾಗ ಹಚ್ಚಿ ಹೋಗು. ಅದಕ್ಕ ಯಾರ ಬ್ಯಾಡ ಅಂತಾರ?

…ಬಂದ್ಲಾ ಅವ್ವ? ಕೊಡು… ಅಲ್ಲ, ನೀನಽ ಅವ್ವಗ ಹೇಳಾಕತ್ತೀಯಾ?… ಹೇಳು, ಹೇಳು. ನನ್ನ ಬಾಯಿಗೆ ಅಷ್ಟು ಕೆಲಸ ಕಡಿಮಿ.

…ಹಾಂ, ವೈನಿ. ಕೇಳಿದ್ರೆಲ್ಲ?… ಒಲ್ಲೆ ಅಂದ್ರ ಈಗಽ ಅನ್ರಿ, ನಾ ಸಿಂದಗಿಗೆ ತಿಳಸ್ತೇನಿ… ಒಪ್ಪಿಗಿ?… ಅಣ್ಣನ್ನ ಕೇಳೂದಿಲ್ಲೇನು?… ಸರಿ, ನಿಮಗ ಬಿಟ್ಟದ್ದು. ಹೌದ್ರಿ, ತಾರೀಖು ಅದಽ… ಏನಂದ್ರಿ? ಪಲ್ಲವಿಗೆ ಹೊಲಿಸಿದ ಜಂಪರ? ಸಣ್ಣಾಕಿಗೆ ಸಡ್ಲ ಆಗ್ತಾವು, ಟೇಲರಗ ಕೊಟ್ಟು ಹಿಡಿಸ್ರಿ. ಸೀರಿ ಅವಽ ನಡೀತಾವು.

…ದಾನೇಶ್ವರಿ ಅಲ್ಲೇ ಅದಾಳಾ? ಏನಂತಾಳ?… ಏನೂ ಅನವಲ್ಲಳಾ? ಹಂಗಾದ್ರ ಹೂಂ ಅಂದಂಗ ಆತು… ಅಕ್ಕನ ಮಾರಿ ನೋಡಾಕತ್ತಾಳಾ? ನೋಡಲಿ ಬಿಡ್ರಿ. ಅಕ್ಕ ಏನ್ ಮಾಡಾಕತ್ತಾಳ?… ಒಲಿ ಹಚ್ಚಾಕತ್ತಾಳಾ? ಜಾಣಿ ಅದಾಳ್ರಿ, ಮೊದಲಿಂದನೂ ಜಾಣಿ.

…ಪಲ್ಲವಿಗೆ ಮುಂದ ನೋಡೂಣು ಅಂತೀರಾ? ಏನ್ ನೋಡೂದ್ರಿ ವೈನಿ? ಆ ಹಾಸ್ಟೆಲಿನ ಹುಡುಗನ ಮಾತು ಸಿಂದಗಿ ಸಂತಿ ಮುಟ್ಟಿರ್ತೈತಿ ಇಷ್ಟೊತ್ತಿಗೆ. ನಿಮ್ಮ ಮನಿಗೆ ಒಂದ್ ಲಗ್ನ ಉಳೀತು, ಸಣ್ಣಾಕಿದು. ದೊಡ್ಡಾಕಿನ್ನ ಕೇಳಕೊಂಡು ಇನ್ನ ಯಾರೂ ಬರಂಗಿಲ್ಲ… ಹಾಂ?… ಇಲ್ರಿ, ಯಾರೂ ಬರಂ… ಹಲೋ?… ವೈನಿ?… ಹಲೋ…