ಐದು ಆಂಪಿಯರಿನ ಯುದ್ಧ

ಹಲೋ... ಹಲೋ? ಯಾರು ಮಾತಾಡ್ತಿರೋದು?

...

ರಾಂಗ್ ನಂಬರ್ರಾ? ರಾಂಗ್ ನಂಬರ್ ಅನ್ನೋದನ್ನೂ ಮೂಗಲ್ಲೇ ಹೇಳ್ತೀಯಲ್ಲೋ ಹೈಸಮ್! ಈ ಮೀನಾ ಊರಲ್ಲಿ ಹೀಗೆ ಮೂಗಲ್ಲಿ ಮಾತಾಡೋ ಲೆಕ್ಕದ ಮೇಷ್ಟ್ರು ಇನ್ನೊಬ್ಬ ಇದಾನಾ? ನಾನು ಕಣೋ, ಮುಂಜಿರ್. ನಿನ್ನ ದೊಡ್ಡಮ್ಮನ ಮಗ. ಇಡಬೇಡ, ಇಡಬೇಡ ಮಾರಾಯ!

...

ಹಾಂ, ರುಲಾ ಫೋನಿಂದಾನೇ. ನನ್ನ ಹೆಸರು ಕಂಡ್ರೆ ನೀನು ಎತ್ತಲ್ವಲ್ಲ, ಮೂರು ವಾರ ಆಯ್ತು. ಅದಕ್ಕೇ ಹೆಂಡತಿ ಫೋನು ಕೇಳಿ ಇಸ್ಕೊಂಡೆ. ಮನೆಯೊಳಗೆ ಸಿಗ್ನಲ್ ಇಲ್ಲ, ವೈಫೈ ಮೇಲೆ ಮಾತಾಡ್ತಿದ್ದೀನಿ. ನಡುವೆ ಕಟ್ಟಾದ್ರೆ ಕರೆಂಟು ಹೋಯ್ತು ಅಂತ ತಿಳ್ಕೋ, ಮುನಿಸ್ಕೊಂಡೆ ಅಂತ ತಿಳ್ಕೋಬೇಡ. ಮುನಿಸು ನಿನ್ನ ಇಲಾಖೆ.

...

ವಿಷಯಕ್ಕೆ ಬರ್ತೀನಿ, ಬರ್ತೀನಿ. ಬೆಳಗ್ಗೆ ನಿಮ್ಮಮ್ಮ, ನಮ್ಮ ಚಿಕ್ಕಮ್ಮ ಬಂದಿದ್ರು, ಲಬನೆ ಮೊಸರಿನ ಡಬ್ಬಿ ಇಡೋಕೆ. ಹೌದಪ್ಪ, ನಮ್ಮ ಫ್ರಿಜ್ಜಲ್ಲಿ. ನಿಮ್ಮ ಮನೆ ಫ್ರಿಜ್ಜಲ್ಲಿ ಈಗ ಈರುಳ್ಳಿ, ಹಳೇ ಪೇಪರ್ ಇಡ್ತಿದ್ದಾರಂತಲ್ಲ. ಹೋಗ್ತಾ ಬಾಗಿಲಲ್ಲಿ ನಿಂತು ಅಂದ್ರು, "ಆ ವಿಡಿಯೋ ಆಟದ ಪೆಟ್ಟಿಗೇನ ಗುಜರಿಯವನಿಗೆ ಹಾಕಿಬಿಡಬೇಕಂತೆ ಕಣೋ, ಹೈಸಮ್ ಹೇಳಿದಾನೆ." ನಿಜಾನಾ?

...

ನಿನ್ನದೇ ಪೆಟ್ಟಿಗೆ, ಯಾರು ಇಲ್ಲ ಅಂದ್ರು? ಆದ್ರೆ ಹದಿನೆಂಟು ವರ್ಷದಿಂದ ನನ್ನ ಟಿವಿ ಕೆಳಗೆ ಕೂತಿದೆ. ರುಲಾ ಅದಕ್ಕೆ ಕಸೂತಿ ಬಟ್ಟೆ ಹೊದಿಸಿದಾಳೆ. ನನಗೇ ಅವಳು ಅಷ್ಟು ಉಪಚಾರ ಮಾಡಿದ್ದಿಲ್ಲ. ಅದನ್ನ ಎತ್ತಿ ಗುಜರಿ ಗಾಡಿಗೆ ಹಾಕು ಅಂದ್ರೆ ನನ್ನ ಕೈ ಬರುತ್ತಾ?

...

ಏನಿದೆ ಅದರಲ್ಲಿ ಅಂತೀಯಾ? ನೀನು ಕೇಳ್ತೀಯಾ ಈ ಪ್ರಶ್ನೆ?

...

ಈಗ ಬಂದಿರೋ ಹೊಸ ಆಟ ಚೆನ್ನಾಗಿದೆ, ಒಪ್ಪಿದೆ. ಸಿಪಾಯಿ ಗಡ್ಡದ ಕೂದಲು ಒಂದೊಂದೂ ಎಣಿಸಬಹುದಂತೆ. ಆದ್ರೆ ಮೊದಲು ಇಂಟರ್ನೆಟ್ಟಿಂದ ಇಳಿಸ್ಕೋಬೇಕಲ್ಲ, ನಮ್ಮ ಇಂಟರ್ನೆಟ್ಟಿಂದ! ಈ ರಂಜಾನಿಗೆ ಶುರು ಮಾಡಿದ್ರೆ ಮುಂದಿನ ರಂಜಾನಿಗೆ ಮೊದಲನೇ ಗುಂಡು ಹಾರಿಸಬಹುದು. ಅದೂ ನೀನು ನಿನ್ನ ಮನೇಲಿ, ನಾನು ನನ್ನ ಮನೇಲಿ. ಒಂದೇ ಸೋಫಾ ಮೇಲೆ ಇಬ್ಬರು ಕೂತು ಆಡೋ ಹಾಗೇ ಇಲ್ಲ. ನಮ್ಮದರಲ್ಲಿ ಟಿವಿ ನಡುವೆ ಒಂದು ಗೆರೆ. ಮೇಲೆ ನೀನು, ಕೆಳಗೆ ನಾನು. ಹದಿನೆಂಟು ವರ್ಷ ಕೆಳಗೇ ಇದ್ದೀನಿ, ಒಂದು ದಿನ ಬಾಯಿ ಬಿಟ್ಟಿದ್ದೀನಾ?

...

ನಮ್ಮ ಹಳೇ ಆಟದಲ್ಲಿ ಮುಖ ಎಲ್ಲ ಇಟ್ಟಿಗೆ ಥರ ಕಾಣುತ್ತಾ? ಕಾಣಲಿ ಬಿಡೋ. ಆ ಹಿಮದ ಚಂದ್ರನ ಮೇಲೆ ನಾವು ಹೆಣ್ಣು ನೋಡೋಕೆ ಹೋಗಿದ್ವಾ? ಆ ಗೂನುಬೆನ್ನಿನ ಕುಳ್ಳರನ್ನ ನೆನೆಸ್ಕೋ. ನಾಯಕ ಬಿದ್ದ ತಕ್ಷಣ ಬಂದೂಕು ಬಿಸಾಕಿ ಕಿರುಚ್ಕೊಂಡು ಓಡ್ತಾರೆ. ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ, ಒಬ್ಬ ಸೀದಾ ಗೋಡೆಗೆ. ಆ ಕಬ್ಬಿಣದ ಬಾಗಿಲೊಳಗೆ ನಾವು ನಾನೂರು ಸಲ ನುಗ್ಗಿರಬಹುದು. ಒಂದು ಸಲ ಆದ ಹಾಗೆ ಇನ್ನೊಂದು ಸಲ ಆಗಿಲ್ಲ. ನಮ್ಮ ಬೀದೀಲಿ ಇಷ್ಟು ವರ್ಷದಲ್ಲಿ ಅಷ್ಟು ಹೊಸತನ ಎಲ್ಲಿ ನೋಡಿದ್ದೀಯ, ಹೇಳು?

...

ಮತ್ತೆ ಬಂದೂಕು. ಇಬ್ಬರಿಗೂ ಎರಡೆರಡೇ. ಮೂರನೇದು ಬೇಕು ಅಂದ್ರೆ ಕೈಲಿರೋದೊಂದು ಕೆಳಗಿಡಬೇಕು. ಜನರೇಟರ್‌ನವನು ಮನೆಗೆ ಅಳೆದು ಕೊಡೋ ಐದು ಆಂಪಿಯರ್ ಸಂಸಾರದ ಹಾಗೇ ಅಲ್ವಾ? ಇಸ್ತ್ರಿ ಬೇಕಾ, ಬಟ್ಟೆ ಒಗೆಯೋ ಯಂತ್ರ ನಿಲ್ಲಿಸು. ಯಂತ್ರ ಬೇಕಾ...

...

ಏನದು ಗೊಣಗಿದ್ದು? ಹಲೋ?

...

ಹಾಂ, ತಪ್ಪಾಯ್ತು. ಮೇಣದಬತ್ತಿ ಮುಂದೆ ಕೂತವನ ಹತ್ತಿರ ಆಂಪಿಯರ್ ಮಾತು ತೆಗೀಬಾರದಿತ್ತು. ಹುಡುಗರ ಉತ್ತರಪತ್ರಿಕೆ ಮೇಲೆಲ್ಲ ಮೇಣ ಬಿದ್ದಿದೆಯಂತೆ, ಚಿಕ್ಕಮ್ಮ ಹೇಳಿದ್ರು. ಆ ಜನರೇಟರ್ ಅಬು ಶೌಕಿ ಇನ್ನೂ ಲೈನ್ ವಾಪಸ್ ಕೊಟ್ಟಿಲ್ವಾ?

...

ಕಾಫಿ ಅಂಗಡಿ ಮುಂದೇನೇ? ಎಲ್ಲರ ಎದುರು ಕ್ಷಮೆ ಕೇಳಬೇಕಂತಾ? ಛೇ. ಆದ್ರೆ ನೀನೂ ಏನು ಸಣ್ಣದಾಗಿ ಬೈದಿದ್ಯಾ? ಬರಿಗಾಲಲ್ಲಿ ಇಳಿದು ಹೋಗಿ, ಇಡೀ ಬೀದಿ ಕೇಳೋ ಹಾಗೆ, "ಜನರೇಟರ್ ಕಳ್ಳ, ಗೆಲ್ಲೋ ಹೊತ್ತಿಗೆ ಕರೆಂಟು ತೆಗೆದ್ಯಲ್ಲೋ" ಅಂದೆ. ಯಾವ ಗೆಲುವು, ಏನು ಕಥೆ, ಅವನಿಗೇನು ಗೊತ್ತು ಪಾಪ? ಇಕ್ಕಳ ತಗೊಂಡು ಕಂಬ ಹತ್ತಿದ, ನಿಮ್ಮನೆ ತಂತಿ ಕತ್ತರಿಸಿ ಇಳಿದ. ನಮ್ಮನೆ ತಂತಿ ಮುಟ್ಟಲಿಲ್ಲ, ಅದಕ್ಕೇ ನಿನಗೆ ನನ್ನ ಮೇಲೂ ಮುನಿಸು.

...

ಅವತ್ತೇ ಹೇಳಿದ್ನಲ್ಲ ಅವನು, ಬೀದೀಲಿ ಎಲ್ಲ ಮನೇಲೂ ಕರೆಂಟಿತ್ತು ಅಂತ...

...

ಹಾಂ. ಹೌದು. ಸಾಕ್ಷಿ ನಾನೇ. ಅಬು ಶೌಕಿನೇ ತೆಗೆದಿದ್ದು ಅಂತ ನಾನೇ ಹೇಳಿದ್ದೆ. ಹೌದು, ತಾಯಾಣೆ ಅಂತಾನೂ ಅಂದಿದ್ದೆ. ಅದನ್ನ ಈಗ ಯಾಕೆ... ಬಿಡು.

...

ನಾನು ಎಲ್ಲಿ ಮಾತು ಮರೆಸ್ತಿದ್ದೀನಿ? ಆಟದ ವಿಷಯಾನೇ ಹೇಳ್ತಿದ್ದೀನಿ. ಅಸಲು ಗುಣ ಇನ್ನೂ ಹೇಳಿಲ್ಲ. ಒಬ್ಬ ಸತ್ತ ಅಂತಿಟ್ಕೋ. ಇನ್ನೊಬ್ಬ ಏನು ಮಾಡಬೇಕು? ಶತ್ರುಗಳಿಲ್ಲದ ಕಡೆ ಹೋಗಿ, ಬಂಡೆ ಹಿಂದೆ ಸುಮ್ಮನೆ ನಿಂತ್ಕೋಬೇಕು. ಅವನು ಬದುಕಿ ಕಾದ್ರೆ, ಸತ್ತವನು ಅವನ ಪಕ್ಕದಲ್ಲೇ ಎದ್ದು ಬರ್ತಾನೆ. ಇದಕ್ಕಿಂತ ಮರ್ಯಾದಸ್ಥ ಕಾನೂನು ಈ ದೇಶದಲ್ಲಿ ಎಲ್ಲಾದ್ರೂ ಇದೆಯಾ?

...

ಏನಂದೆ? ಇನ್ನೊಂದ್ಸಲ ಹೇಳು.

...

"ಅದರಲ್ಲಿ ಸತ್ತರೆ ಯಾರ ತಪ್ಪಿಂದ ಸತ್ತೆ ಅಂತ ಗೊತ್ತಾಗ್ತಿತ್ತು." ಹೂಂ. ಅದೊಂದೇ ಅದರಲ್ಲಿ ಚೆನ್ನಾಗಿದ್ದಿದ್ದು ಅಂತೀಯ...

...

ಇಲ್ಲ, ಇದ್ದೀನಿ. ಲೈನಲ್ಲೇ ಇದ್ದೀನಿ.

...

ಹೈಸಮ್, ಒಂದು ಮಾತು ಹೇಳ್ತೀನಿ, ಮುಗಿಯೋವರೆಗೂ ಇಡಬೇಡ. ಅವತ್ತು ಕೊನೇ ಸೇತುವೆ ಮೇಲೆ ಇದ್ವಲ್ಲ. ಅತಿ ಕಠಿಣ ಮಟ್ಟದ ಆಟ, ಹದಿನೆಂಟು ವರ್ಷದಲ್ಲಿ ಒಂದ್ಸಲಾನೂ ಮುಗಿಸಿರಲಿಲ್ಲ. ಹಡಗಿನ ಬಾಗಿಲು ತೆಗೆದಿತ್ತು, ಹನ್ನೆರಡು ಹೆಜ್ಜೆ ಬಾಕಿ. ಕುಳ್ಳ ಒಬ್ಬನೂ ಉಳಿದಿರಲಿಲ್ಲ. ಗೆದ್ದೇ ಬಿಟ್ವಲ್ಲ, ಕಾಫಿ ಕುಡಿಯೋಣ ಅಂತ ನಾನು... ಗ್ಯಾಸ್ ಖಾಲಿಯಾಗಿತ್ತು. ರುಲಾದು ಕರೆಂಟ್ ಕೆಟಲ್ ಸೋಫಾ ಪಕ್ಕದ ಸ್ಟೂಲ್ ಮೇಲಿತ್ತು. ಆಡ್ತಾ ಆಡ್ತಾ ಒಂದು ಬೆರಳಲ್ಲಿ ಅದರ ಗುಂಡಿ ಒತ್ತಿದೆ.

...

ಹೌದು. ನಾನೇ. ಐದು ಆಂಪಿಯರ್ ದಾಟಿ ಟ್ರಿಪ್ ಆಗಿದ್ದು ನಮ್ಮನೆ ಲೈನು. ಕೆಳಗೆ ಹೋಗಿ ನೋಡ್ಕೊಂಡು ಬರ್ತೀನಿ ಅಂದೆನಲ್ಲ, ಬಿದ್ದ ಗುಂಡಿ ಎತ್ತಿ ಬಂದು, ನಾನು ಬೈದಿದ್ದಕ್ಕೆ ಅಬು ಶೌಕಿ ಕರೆಂಟು ವಾಪಸ್ ಕೊಟ್ಟ ಅಂದೆ. ನೀನು ಆಗಲೇ ಮೆಟ್ಟಿಲು ಇಳೀತಿದ್ದೆ. ತಡೀಬಹುದಿತ್ತು. ತಡೀಲಿಲ್ಲ. ನಾಚಿಕೆ ಆಯ್ತು ಕಣೋ. ದಿನಾ ಫ್ರಿಜ್ ಬಾಗಿಲು ತೆಗೆದಾಗೆಲ್ಲ ಚಿಕ್ಕಮ್ಮನ ಡಬ್ಬಿಗಳು ನನ್ನನ್ನೇ ನೋಡ್ತವೆ.

...

ನಗ್ತೀಯಾ? ಯಾಕೆ ನಗು?

...

ಅಯ್ಯೋ, ಚಿಕ್ಕಮ್ಮ ಹೇಳಿಕೊಟ್ಟಿಲ್ಲ ಕಣೋ! ನಿನ್ನನ್ನ ಅಬು ಶೌಕಿ ಮುಂದೆ ಬಗ್ಗಿಸೋಕೆ ಕಟ್ಟಿದ ಕಥೆ ಅಲ್ಲ. ಹದಿನೆಂಟು ವರ್ಷದಲ್ಲಿ ನಾನು ಒಂದು ನಿಜ ಹೇಳಿದ್ರೆ, ಅದನ್ನೇ ನಂಬಲ್ವಾ?

...

ಲೆಕ್ಕ ಹಾಕ್ತಿದ್ದೀಯಾ? ಈಗ? ಹಾಕು. ಟಿವಿ ಅರ್ಧ ಆಂಪಿಯರ್. ಪೆಟ್ಟಿಗೆ, ವೈಫೈ ಸೇರಿ ಇನ್ನೂ ಕಡಿಮೆ. ಕೆಟಲ್ ಚಿಕ್ಕದು, ನಾಲ್ಕೇ. ಐದರೊಳಗೇ ಬಂತು, ಟ್ರಿಪ್ ಆಗೋಕೆ ಸಾಧ್ಯವಿಲ್ಲ, ಹಾಗಾಗಿ ನಾನು ಸುಳ್ಳ. ಭೇಷ್ ಮೇಷ್ಟ್ರೇ! ಮೂರು ವಾರದಿಂದ ಸುಳ್ಳನ್ನ ನಂಬಿ ಕತ್ತಲಲ್ಲಿ ಕೂತಿದ್ಯಲ್ಲ, ಆಗ ಎಲ್ಲಿತ್ತು ಈ ಲೆಕ್ಕ?

...

ಸಾಬೀತಾ? ಸರಿ, ಈಗಲೇ ಮಾಡ್ತೀನಿ. ಅವತ್ತು ಏನೇನು ಹಾಕಿತ್ತೋ ಅದೆಲ್ಲ ಇವತ್ತೂ ಹಾಕಿದೆ. ಟಿವಿ ಹಾಕಿದೆ, ಆಟಾನೂ ಹಾಕಿದೆ.

...

ಒಬ್ಬನೇ ಅಲ್ಲ, ಇಬ್ಬರ ಆಟಾನೇ ಹಾಕಿದ್ದೀನಿ. ನಿನ್ನ ಕಂಟ್ರೋಲರು ಸೋಫಾ ಮೇಲೆ ನಿನ್ನ ಜಾಗದಲ್ಲೇ ಇದೆ. ಆಡೋರಿಲ್ಲದೆ ನಿನ್ನವನು ನಿಂತಲ್ಲೇ ಸಾಯ್ತಾನೆ. ನಾನು ಬಂಡೆ ಹಿಂದೆ ಹೋಗಿ ಕಾಯ್ತೀನಿ, ಎದ್ದು ಬರ್ತಾನೆ, ನಾಲ್ಕು ಹೆಜ್ಜೆ ಮುಂದೆ ಹೋಗೋಷ್ಟರಲ್ಲಿ ಮತ್ತೆ ಸಾಯ್ತಾನೆ. ಬೆಳಗ್ಗೆಯಿಂದ ನಲವತ್ತು ಸಲ ಸತ್ತಿದ್ದೀಯ ಕಣೋ. ನಲವತ್ತು ಸಲಾನೂ ಕಾದಿದ್ದೀನಿ. ಈಗ ಅದೇ ಸೇತುವೆ, ಅದೇ ಹನ್ನೆರಡು ಹೆಜ್ಜೆ.

...

ಗೊತ್ತು. ಕರೆಂಟು ಹೋದ್ರೆ ಮೊದಲಿಂದ ಆಡಬೇಕು, ನನಗೆ ಗೊತ್ತಿಲ್ವಾ? ಬೇಡ ಅನ್ನಬೇಡ. ನೀನು ನಂಬಬೇಕಷ್ಟೇ. ಲೈನ್ ಕಟ್ಟಾದ್ರೆ ಚಪ್ಪಲಿ ಮೆಟ್ಟಿಕೊಂಡು ಕಾಫಿ ಅಂಗಡಿಗೆ ಬಾ. ಅಬು ಶೌಕಿ ಈ ಹೊತ್ತಿಗೆ ಅಲ್ಲೇ ಇರ್ತಾನೆ. ಎಲ್ಲರ ಮುಂದೆ ನಾನು ಮೊದಲು ಹೇಳ್ತೀನಿ, ಆಮೇಲೆ ನೀನು. ಕಟ್ಟಾಗದಿದ್ರೆ ಪೆಟ್ಟಿಗೆ ಗುಜರಿಗೆ, ಕಸೂತಿ ಬಟ್ಟೆ ಸಮೇತ. ಕೆಟಲ್ ಗುಂಡಿ ಒತ್ತಿದೆ ನೋಡು.

...

ಇನ್ನೂ ಬಿದ್ದಿಲ್ಲ... ನೀರು ಬಿಸಿ ಆಗ್ತಿದೆ.

...

ನಗಬೇಡ! ಇರು, ಒಂದು ನಿಮಿಷ ಇರು. ನಿನ್ನ ಲೆಕ್ಕದಲ್ಲಿ ಫ್ರಿಜ್ ಎಲ್ಲೋ? ಅದರ ಮೋಟರು ಆಗಾಗ ನಿಂತು ಶುರುವಾಗುತ್ತೆ, ಅವತ್ತೂ ಅದೇ ಆಗಿರಬೇಕು. ಬಾಗಿಲು ತೆಗೆದು ನಿಂತಿದ್ದೀನಿ... ಚಿಕ್ಕಮ್ಮನ ಲಬನೆ ಬೆವರ್ತಾ ಇದೆ... ಶುರುವಾಗೋ ನನ್ನಪ್ಪ...

...

ಇಡಬೇಡ ಹೈಸಮ್, ದಮ್ಮಯ್ಯ... ಹಾಂ! ಗುರ್ ಅಂತು! ಕೇಳಿಸ್ತಾ? ಬಾರೋ, ನಾನು ಬಂಡೆ ಹಿಂ...