ನೋಯದಂತೆ ಪಟ್ಟಿ ಬಿಚ್ಚುವುದು

"ಹಲೋ... ಯಾರು ಮಾತಾಡ್ತಿರೋದು?... ಅತ್ತೆ! ನೀವಾ? ಇದು ಯಾರ ನಂಬರು?... ಪಕ್ಕದ ಮನೆಯವರದಾ? ಹಾಂ..."

ಹೊಸ ಕೋಣೆಯ ತಿರುಗುವ ಕುರ್ಚಿಯಲ್ಲಿ ನರ್ಸಮ್ಮ ನೆಟ್ಟಗೆ ಕುಳಿತಳು. ವಾಸಿಯಾಗದವರ ಮನೆಗಳಿಗೇ ಹೋಗಿ ಹುಣ್ಣು ತೊಳೆದು ಪಟ್ಟಿ ಕಟ್ಟುವ ಕೆಲಸ ಬೇಕೆಂದು ದೊಡ್ಡಾಸ್ಪತ್ರೆ ಬಿಟ್ಟು ಈ ಸೇವಾಸಂಸ್ಥೆ ಸೇರಿದವಳು. ಆ ಮನೆಗಳ ಹಿರಿಯರನ್ನೆಲ್ಲ ಅತ್ತೆ, ಮಾವ ಎಂದೇ ಕರೆಯುತ್ತಿದ್ದಳು. ಸೋಮವಾರದಿಂದ ಮನೆಭೇಟಿ ನಿಂತಿತ್ತು; ಅವಳಿಗೆ ತರಬೇತಿ ಮುಖ್ಯಸ್ಥೆಯೆಂಬ ಬಡ್ತಿ ಬಂದಿತ್ತು. ಗಾಜಿನ ಬಾಗಿಲಿನಾಚೆ ಹೊಸಬರು ಅವಳ ಪಾಠಕ್ಕೆ ಕಾಯುತ್ತಿದ್ದರು.

"ಇರಿ ಅತ್ತೆ, ಮೊದಲು ನನ್ನ ಮಾತು ಕೇಳಿ. ನಿನ್ನೆ ಮೊನ್ನೆ ಬರಲಿಲ್ಲ, ಗೊತ್ತು... ಬಾಗಿಲು ತೆಗೆದಿಟ್ಟು ಕಾದ್ರಾ?... ನಾನಿನ್ನು ಮನೆಗಳಿಗೆ ಬರೋ ಹಾಗಿಲ್ಲ. ನಿಲ್ಲಿಸಿಬಿಟ್ರು..."

"ಯಾಕಂದ್ರೆ? ದುಡ್ಡು ಕೊಡೋರಿಗೆ ಬದಲಾವಣೆ ತೋರಿಸ್ಬೇಕಂತೆ. ಮಾವನ ಕತ್ತಿನ ಹುಣ್ಣು ವಾಸಿಯಾಗಲ್ವಲ್ಲ, ಏನಂತ ತೋರಿಸ್ತಾರೆ? ಸಾಯೋರು ಇವರ ಲೆಕ್ಕಕ್ಕೇ ಬರಲ್ಲ ಅತ್ತೆ. ಇವರಿಗೆ ವಾಸಿಯಾಗೋ ಬಡವರು ಬೇಕು, ಫೋಟೋದಲ್ಲಿ ನಗೋ ಬಡವರು!... ಹೌದು, ಕೂಗಿದೆ. ಕೇಳಿಸ್ಕೊಳ್ಳಲಿ ಬಿಡಿ."

"...ನಂದೇನು ಕೇಳ್ತೀರಿ? ಹತ್ತು ಜನಕ್ಕೆ ಕಲಿಸು, ನಿನಗೆ ಹೇಳಿ ಮಾಡಿಸಿದ ಕೆಲಸ ಅಂದ್ರು. ನಾನೂ ಹೂಂ ಅಂದೆ. ಇಲ್ಲಿ ಕೂತ ಮೇಲೆ ಕೈ ತುರಿಸ್ತಾ ಇದೆ. ನಂಗೆ ಬರೋದು ಅದೊಂದೇ, ನಿಮ್ಮಂಥೋರ ಮನೆ ಬಾಗಿಲು ತಟ್ಟೋದು..."

"ಏನು? ಪಟ್ಟಿ ಬಿಚ್ಚೋದು ಹೇಗೆ ಅಂತಾನಾ?... ನೀವೇ ಮಾಡ್ತೀರಾ? ನಾನು ಬಿಚ್ಚೋವಾಗ ಅಡುಗೆಮನೇಲಿ ಹೋಗಿ ನಿಂತ್ಕೋತಿದ್ರಿ!... ಸರಿ, ಸರಿ. ನೀರು ಕುದಿಸಿ ಆರಿಸಿ, ಚಿಟಿಕೆ ಉಪ್ಪು ಹಾಕಿ. ಪಟ್ಟಿ ಪೂರ್ತಿ ನೆನೀಬೇಕು, ಒಣಗಿದ್ದನ್ನ ಎಳೀಬೇಡಿ. ಕಿವಿ ಹಿಂದಿನಿಂದ ಶುರು ಮಾಡಿ. ಮಾವ ಬೈತಾರೆ, ತಲೆಗೆ ಹಾಕ್ಕೋಬೇಡಿ. ನಂಗೇನು ಕಮ್ಮಿ ಅಂದಿದ್ದಾರಾ? 'ಇದೇನು ಪಟ್ಟಿನೋ ಗೋಣಿಚೀಲದ ಬಾಯೋ? ನನ್ನ ಅಂಗಡೀಲಿ ಗುಂಡಿ ಹಚ್ಚೋಕೂ ಕೂರಿಸ್ತಿರ್ಲಿಲ್ಲ ನಿನ್ನ!' ಹಾಸಿಗೆ ಹಿಡಿದ ಟೈಲರಿಗೆ ಎಷ್ಟು ಜಂಭ ಅಂತೀನಿ!"

ಅವಳು ನಕ್ಕಳು.

"ಮೆಲ್ಲಗೆ ಅತ್ತೆ. ಅವರ ಮುಖ ನೋಡ್ತಾನೇ ಇರಿ, ಹುಬ್ಬು ಗಂಟಾಯ್ತೋ, ನಿಲ್ಲಿಸಿಬಿಡಿ. ನೋವು ತಡ್ಕೊಂಡು ಸುಮ್ನಿರ್ತಾರೆ..."

"...ಹಾಂ?... ನೋವಾಗಲ್ಲ ಅಂದ್ರೆ?"

"ಅತ್ತೆ... ಯಾವಾಗ ಹೋದ್ರು?"

"...ಬೆಳಿಗ್ಗೇನಾ? ಮತ್ತೆ ಇಷ್ಟು ಹೊತ್ತು ನಾನು ಬಡಬಡಾಂತ... ನನ್ನ ಬಾಯಿ ಯಾಕೆ ಮುಚ್ಚಿಸ್ಲಿಲ್ಲ ನೀವು?... ನೆಂಟರು ಬರೋಕೆ ಮುಂಚೆ ಹೊಸ ಪಟ್ಟಿ. ಹೌದು. ಕಲೆ ಬಿದ್ದದ್ದು ಕಟ್ಕೊಂಡು ಯಾರೆದುರಿಗೂ ಇರ್ತಿರ್ಲಿಲ್ಲ ಮಾವ..."

ಸಂಸ್ಥೆಯ ನಿರ್ದೇಶಕರು ಬಾಗಿಲಲ್ಲಿ ಇಣುಕಿ ಕೈಗಡಿಯಾರ ತಟ್ಟಿ ತೋರಿಸಿದರು.

"ನಾನು ಬರಲ್ಲ ಸರ್. ಇವತ್ತೂ ಇಲ್ಲ, ನಾಳೇನೂ ಇಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ... ನಿಮಗಲ್ಲ ಅತ್ತೆ, ಇಲ್ಲೊಬ್ರಿಗೆ. ನಾನು ಹೊರಟೆ. ಈಗಲೇ ಹೊರಟೆ."

ಚಪ್ಪಲಿ ಸರಿಯಾಗಿ ಮೆಟ್ಟದೆಯೇ ಅವಳು ಮೆಟ್ಟಿಲಿಳಿಯತೊಡಗಿದಳು. ಮೇಲಿನಿಂದ ಯಾರೋ ಕೂಗಿದರು. ತಿರುಗಿ ನೋಡಲಿಲ್ಲ.

"...ಬೇಡ್ವಾ? ಯಾಕೆ ಬೇಡ?... ನೀವೇ ಕಟ್ತೀರಾ... ನೋಯಿಸ್ತೀನಿ ಅಂತ ಮುಟ್ಟೋಕೇ ಹೆದರ್ತಿದ್ರಾ? ಇಷ್ಟು ದಿನಾನೂ?..."

ಅವಳು ಕೊನೆಯ ಮೆಟ್ಟಿಲ ಮೇಲೆ ಕುಳಿತಳು.

"ಹೂಂ ಅತ್ತೆ. ಕಟ್ಟಿ. ಅದು ನಿಮ್ಮ ಕೈಯಿಂದಲೇ ಆಗಲಿ... ನಾನು ಸುಮ್ನೆ ಬಂದು ಬಾಗಿಲ ಹತ್ರ ಕೂರ್ಲಾ? ಬಟ್ಟಲು ಹಿಡ್ಕೊಳ್ಳೋಕಾದ್ರೂ ಒಬ್ರು ಬೇಕಲ್ವಾ?... ಹಲೋ?... ಎರಡೂ ಕೈ ಬೇಕಾ, ಫೋನ್ ವಾಪಸ್ ಕೊಡ್ತೀರಾ?... ಕೊಡಿ. ಇಲ್ಲ, ಇರಿ ಅತ್ತೆ, ನಾನು ಬರ್ಲಾ ಬೇಡ್ವಾ, ಅದೊಂದು ಹೇ—"

ಕರೆ ಕಡಿಯಿತು.