ಐದನೆಯ ಕಾರ್ಡು

ನಿಯಮ ಒಂದೇ ಸಾಲಿನದು: ಕಾರ್ಡು ಯಾರದೋ ಅವರೇ ಬರಬೇಕು, ಅವರೇ ಯಂತ್ರಕ್ಕೆ ಹಾಕಬೇಕು. ಆ ರಾತ್ರಿ ಕೋಣೆಯಲ್ಲಿದ್ದ ಎಲ್ಲರೂ ಅದನ್ನು ಮುರಿದರು. ನನ್ನ ಅಣ್ಣ, ದೊಡ್ಡಮ್ಮನ ಮಗನೂ ಸೇರಿ.

ಇಂಟರ್ನೆಟ್ಟಿನಲ್ಲಿ ಯಾವ ವಿಳಾಸಕ್ಕೆ ಯಾವ ದಾರಿ ಅಂತ ಯಾರು ಬೇಕಾದರೂ ಸುಳ್ಳು ಹೇಳಬಹುದು. ಅದನ್ನು ಹಿಡಿಯಲು ಪ್ರಮಾಣಪತ್ರಗಳಿವೆ. ಅವೆಲ್ಲದರ ಬುಡಕ್ಕೆ ಒಂದು ರೂಟ್ ಸರ್ಟಿಫಿಕೇಟು. ಅದಕ್ಕೆ ಸಾಕ್ಷಿ ಹೇಳಲು ಮೇಲೆ ಯಾರೂ ಇಲ್ಲ. ಅದು ಹುಟ್ಟುವಾಗ ಕೋಣೆಯಲ್ಲಿದ್ದವರ ಮಾತೇ ಅದರ ಮಾನ.

ಅದನ್ನು ಹುಟ್ಟಿಸಲು ಐದು ಕಾರ್ಡು, ಐದು ಜನ. ಐದನೆಯವರು ನಿವೃತ್ತ ತಪಾಸಣಾಧಿಕಾರಿ. ಎಲ್ಲದಕ್ಕೂ ತಕರಾರು ತೆಗೆಯುತ್ತಿದ್ದರಿಂದ ‘ಕೊಕ್ಕೆ ಮೇಡಂ’ ಎಂದೇ ಹೆಸರು. ಅವರು ತೀರಿಕೊಂಡು ಮೂರು ದಿನವಾಗಿತ್ತು... ಕಾರ್ಡೂ ಅದರ ಗುಟ್ಟಿನ ನಂಬರೂ ಕಚೇರಿಯ ಕಪಾಟಿನಲ್ಲೇ ಇದ್ದವು.

ಅಣ್ಣ ಪಿಸುಗುಟ್ಟಿದ. “ಸಾರ್, ಮುಂದಕ್ಕೆ ಹಾಕೋಣ. ಹದಿನೈದು ದಿನದಲ್ಲಿ ಅವರ ಜಾಗಕ್ಕೆ ಬೇರೆಯವರು ಬರ್ತಾರೆ.”

“ಮೇಡಂ ಸತ್ತಿದ್ದಾರೆ, ಕಾರ್ಡು ಸತ್ತಿಲ್ಲವಲ್ಲ!” ಅಂದರು ಮ್ಯಾನೇಜರು. ಯಾರೋ ಕಿಸಕ್ಕನೆ ನಕ್ಕರು. “ಬದುಕಿದ್ದಾಗ ಹಾಕಿದ ಕೊಕ್ಕೆ ಸಾಲದೇನಯ್ಯಾ? ಹಾಜರಿ ಬರೆಯೋನು ನೀನು. ಐದೂ ಜನ ಹಾಜರು ಅಂತ ಬರಿ. ಆಗಲ್ಲ ಅಂದ್ರೆ ನಾಳೆಯಿಂದ ಬರಲೇಬೇಡ.”

ಅಣ್ಣ ಬರೆದ. ಮನೆಯಲ್ಲಿ ಎರಡು ಮಕ್ಕಳು ಅಂತಾನೆ. ನೆಪಕ್ಕೇನು ಬರ?

ಮ್ಯಾನೇಜರು ಐದನೆಯ ಕಾರ್ಡನ್ನು ತೂರಿಸಿದರು. ಯಂತ್ರ ‘ಪೀಂಕ್’ ಎಂದಿತು. ಸರ್ಟಿಫಿಕೇಟು ಹುಟ್ಟಿತು. ಚಪ್ಪಾಳೆ ಹೊಡೆದವರಲ್ಲಿ ಅಣ್ಣನೂ ಒಬ್ಬ.

ಹಾಜರಿ ಹಾಳೆಯನ್ನು ಎಲ್ಲರೆದುರೇ ಪ್ಲಾಸ್ಟಿಕ್ ಲಕೋಟೆಗೆ ಹಾಕಿ ಮೊಹರು ಮಾಡಿದರು. ಬೆಳಿಗ್ಗೆ ಅದನ್ನು ಮೇಲಿನ ಕಚೇರಿಗೆ ಮುಟ್ಟಿಸುವ ಕೆಲಸ ಅಣ್ಣನದು. ಬ್ಯಾಗಿಗೆ ಹಾಕಿಕೊಂಡು ಮನೆಗೆ ನಡೆದೇ ಹೊರಟ. ರಾತ್ರಿ ಒಂದು ಗಂಟೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ.

ಹಾಳುಬಾವಿಯ ಹತ್ತಿರ ಬರುತ್ತಿದ್ದಂತೆ ಬ್ಯಾಗಿನೊಳಗೆ... ‘ಟಿಕ್.’ ಬಾಲ್‌ಪೆನ್ನಿನ ಗುಂಡಿ ಒತ್ತಿದ ಹಾಗೆ.

ನಿಂತ.

‘ಚರ್... ಚರ್...’ ಕಾಗದದ ಮೇಲೆ ಯಾರೋ ಬರೆಯುವ ಸದ್ದು. ನಿಧಾನ. ಆತುರವೇ ಇಲ್ಲ. ಮತ್ತೆ ‘ಟಿಕ್.’

ಅಲ್ಲಿಂದ ಮನೆಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ.

ಮೊಹರು ಮುರಿದಿರಲಿಲ್ಲ, ಬೆಳಿಗ್ಗೆ ಮೇಲಿನ ಕಚೇರಿಯಲ್ಲಿ ಲಕೋಟೆ ಬಿಚ್ಚಿದ ಅಧಿಕಾರಿ ಹಾಗಂತ ಬರೆದೇ ಕೊಟ್ಟಿದ್ದಾರೆ. ಹಾಳೆಯನ್ನು ನಾನೂ ಕಣ್ಣಾರೆ ನೋಡಿದ್ದೇನೆ. ನೀವು ನಂಬಿ, ಬಿಡಿ. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಐದನೆಯ ಹೆಸರಿನ ಮುಂದೆ ಅಣ್ಣ ಬರೆದಿದ್ದ ‘ಹಾಜರು’ ಎಂಬುದನ್ನು ಕ್ರಮಪ್ರಕಾರ ಒಂದೇ ಗೆರೆಯಲ್ಲಿ ಹೊಡೆದು, ಪಕ್ಕದಲ್ಲಿ ‘ಗೈರುಹಾಜರು’ ಎಂದು ಬರೆದು, ಮೇಡಂ ಸಹಿ ಹಾಕಿದ್ದರು.